ಲೆಕ್ಕವಿಲ್ಲದ ನಾಡಿನ ಲೆಕ್ಕ ಬರೆದ ಡಾ. ವಿ.ಕೆ.ಆರ್.ವಿ. ರಾವ್

ಬೋಧನಾಭ್ಯಾಸದ ಎರಡನೆಯ ವಾರ ರಾಯಬಾಗ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಸಂಖ್ಯಾಶಾಸ್ತ್ರದ ಪಾಠ ನನ್ನ ಪಾಲಿಗೆ ಬಂತು. ಸರಾಸರಿ, ಮಧ್ಯಾಂಕ, ಬಹುಲಕ ಈ ಮೂರನ್ನೂ ಪಠ್ಯಪುಸ್ತಕದ ಅಂಕಿಗಳಿಂದಲ್ಲದೆ ಮಕ್ಕಳದೇ ದತ್ತಾಂಶದಿಂದ ಕಲಿಸಬೇಕೆಂದು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದೆ. ಹಿಂದಿನ ದಿನ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಟ್ಟು, ಮನೆಯ ತಿಂಗಳ ಆದಾಯ ಎಷ್ಟು ಎಂದು ಕೇಳಿ ಬರೆದು ತರಲು ಹೇಳಿದೆ.

ಮರುದಿನ ಬಂದ ಚೀಟಿಗಳನ್ನು ನೋಡಿ ನನಗೆ ದಿಕ್ಕು ತೋಚಲಿಲ್ಲ. ಕೆಲವು ಖಾಲಿ ಇದ್ದವು. ಹಲವರು ವಿದ್ಯಾರ್ಥಿವೇತನಕ್ಕೆ ಮಾಡಿಸಿದ ಆದಾಯ ಪ್ರಮಾಣ ಪತ್ರದಲ್ಲಿದ್ದ ವಾರ್ಷಿಕ ಅಂಕಿಯನ್ನು ಹಾಗೆಯೇ ನಕಲು ಮಾಡಿದ್ದರು. ಕಬ್ಬು ಬೆಳೆಯುವ ಮನೆಯ ಹುಡುಗನೊಬ್ಬ ಕಾರ್ಖಾನೆಯ ಬಿಲ್ಲು ಬಂದಾಗಲೇ ಆದಾಯ, ತಿಂಗಳಿಗೆ ಏನೂ ಇಲ್ಲ ಎಂದು ಸೊನ್ನೆ ಹಾಕಿದ್ದ. ನಿಪ್ಪಾಣಿ ಕಡೆಯಿಂದ ಬಂದು ಅಜ್ಜಿಯ ಮನೆಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಅಪ್ಪನ ಕೂಲಿಯನ್ನಷ್ಟೇ ಬರೆದು, ಅವ್ವನ ಹೆಸರಿನ ಮುಂದೆ ಮನೆಗೆಲಸ ಎಂದು ಬರೆದಿದ್ದಳು. ಕೇಳಿದರೆ, ಅವಳ ಅವ್ವ ದಿನವೂ ಮನೆಯಲ್ಲೇ ಕುಳಿತು ಬೀಡಿ ಕಟ್ಟುತ್ತಾಳೆ. ಮನೆಯಲ್ಲಿ ಮಾಡುವ ಕೆಲಸವಾದ್ದರಿಂದ ಅದು ಮನೆಗೆಲಸ ಎಂದು ಆ ಮಗು ತಿಳಿದಿತ್ತು. ಇನ್ನೊಂದು ಕಡೆ ಇಬ್ಬರು ಹುಡುಗರು ಒಬ್ಬರ ಚೀಟಿ ಇನ್ನೊಬ್ಬರು ಕಸಿದು ಓದಿ ನಕ್ಕರು. ಯಾರ ಚೀಟಿ ಓದಲಾಯಿತೋ ಆ ಹುಡುಗ ಆ ದಿನ ಮತ್ತೆ ತಲೆ ಎತ್ತಲಿಲ್ಲ.

ಬಂದ ಅಂಕಿಗಳನ್ನೇ ಕೂಡಿಸಿ, ಸಂಖ್ಯೆಯಿಂದ ಭಾಗಿಸಿ, ಕಪ್ಪುಹಲಗೆಯ ಮೇಲೆ ಸರಾಸರಿ ಬರೆದೆ. ಗಣಿತ ಸರಿಯಾಗಿತ್ತು. ಆದರೆ ಉತ್ತರಕ್ಕೆ ಅರ್ಥವಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಮ್ಮ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ, ಲೆಕ್ಕ ಕಲಿಸಿದ್ದೀರಿ, ಕೇಳುವುದನ್ನು ಕಲಿಸಿಲ್ಲ ಎಂಬ ಅರ್ಥದ ಷರಾ ಬರೆದರು. ಇಂಥ ಕಡೆ ಅಂಕಿ ಸಂಗ್ರಹಿಸುವುದು ಹೇಗೆ ಎಂದು ತಿಳಿಯಬೇಕಾದರೆ ಡಾ. ವಿ.ಕೆ.ಆರ್.ವಿ. ರಾವ್ ಅವರ ಜೀವನ ಓದಿ ಎಂದು ಹೊರಗೆ ಬಂದಾಗ ಹೇಳಿದರು. ಆ ಓದಿನ ಫಲ ಈ ಲೇಖನ.

ಜನನ ಮತ್ತು ವಿದ್ಯಾಭ್ಯಾಸ

ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್ ಅವರು 1908ರ ಜುಲೈ 8ರಂದು ಕಾಂಚೀಪುರದಲ್ಲಿ ಜನಿಸಿದರು. ಶಾಲಾ ಶಿಕ್ಷಣ ಅಂದಿನ ಮದ್ರಾಸ್ ಪ್ರಾಂತ್ಯದಲ್ಲಿ ನಡೆಯಿತು. ಮುಂದೆ ಮುಂಬಯಿಗೆ ಬಂದು ವಿಲ್ಸನ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದರು. ಆಗ ನಮ್ಮ ಚಿಕ್ಕೋಡಿ, ಅಥಣಿ ಭಾಗವೂ ಮುಂಬಯಿ ಪ್ರಾಂತ್ಯಕ್ಕೇ ಸೇರಿತ್ತು. ಭಾರತದ ಆದಾಯ ತೆರಿಗೆಯ ಬಗ್ಗೆ ಅವರು ಬರೆದ ಗ್ರಂಥ 1931ರಲ್ಲಿ ಪ್ರಕಟವಾಯಿತು. ಆಗ ಅವರ ವಯಸ್ಸು 23, ಹೆಚ್ಚುಕಡಿಮೆ ನಮ್ಮ ತರಗತಿಯ ಪ್ರಶಿಕ್ಷಣಾರ್ಥಿಗಳ ವಯಸ್ಸು.

ಅಲ್ಲಿಂದ ಅವರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೋದರು. ಜಾನ್ ಮೇನಾರ್ಡ್ ಕೇನ್ಸ್ ಅವರು ಅಲ್ಲಿ ಪಾಠ ಹೇಳುತ್ತಿದ್ದ ಕಾಲ ಅದು. ಒಂದು ದೇಶದ ಒಟ್ಟು ಆದಾಯವನ್ನು ಅಳೆಯುವ ವಿದ್ಯೆಯಲ್ಲಿ ಹೆಸರಾದ ಕಾಲಿನ್ ಕ್ಲಾರ್ಕ್ ಅವರ ಮಾರ್ಗದರ್ಶನವೂ ರಾವ್ ಅವರಿಗೆ ದೊರೆಯಿತು. ಅವರು ಆರಿಸಿಕೊಂಡ ಸಂಶೋಧನಾ ವಿಷಯ ಬ್ರಿಟಿಷ್ ಭಾರತದ ರಾಷ್ಟ್ರೀಯ ಆದಾಯ. 1937ರಲ್ಲಿ ಅವರಿಗೆ ಡಾಕ್ಟರೇಟ್ ಪದವಿ ಲಭಿಸಿತು.

ಊಹೆಯಿಂದ ಅಳತೆಯ ಕಡೆಗೆ

ರಾವ್ ಅವರಿಗಿಂತ ಮೊದಲು ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೆಂದಲ್ಲ. ಭಾರತೀಯನೊಬ್ಬನ ಸರಾಸರಿ ವಾರ್ಷಿಕ ಆದಾಯ ಕೇವಲ 20 ರೂಪಾಯಿ ಎಂದು 1867–68ರ ಅಂಕಿಗಳಿಂದ ದಾದಾಭಾಯಿ ನವರೋಜಿ ಅವರು ತೋರಿಸಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೈಸರಾಯ್ ಕರ್ಜನ್ ಅದು 30 ರೂಪಾಯಿ ಎಂದರು. ಅದೇ ಸುಮಾರಿಗೆ ವಿಲಿಯಂ ಡಿಗ್ಬಿ ಎಂಬ ಇಂಗ್ಲಿಷ್ ಲೇಖಕರು ಅದಕ್ಕಿಂತ ಬಹಳ ಕಡಿಮೆ ಬರುತ್ತದೆಂದು ಲೆಕ್ಕ ಹಾಕಿದರು. ಒಂದೇ ದೇಶ, ಒಂದೇ ಕಾಲ, ಆದರೆ ಉತ್ತರಗಳು ಬೇರೆ ಬೇರೆ. ಆಳುವವರಿಗೆ ದೇಶ ಸುಧಾರಿಸುತ್ತಿದೆ ಎಂದು ತೋರಿಸಬೇಕಿತ್ತು. ವಿರೋಧಿಸುವವರಿಗೆ ಅದು ಬಡವಾಗುತ್ತಿದೆ ಎಂದು ತೋರಿಸಬೇಕಿತ್ತು. ನಡುವೆ ಒಪ್ಪಬಹುದಾದ ಅಳತೆಗೋಲು ಇರಲಿಲ್ಲ.

ಅಳತೆ ಕಷ್ಟವಾಗಲು ಕಾರಣವಿತ್ತು. ಇಂಗ್ಲೆಂಡಿನಲ್ಲಿ ಬಹಳ ಜನ ಕಾರ್ಖಾನೆ, ಕಚೇರಿಗಳಲ್ಲಿ ಸಂಬಳಕ್ಕೆ ದುಡಿಯುತ್ತಿದ್ದರು, ಅವರ ದಾಖಲೆ ಇತ್ತು. ನಮ್ಮಲ್ಲಿ ಬಹುಪಾಲು ಜನ ರೈತರು, ಕೂಲಿಗಳು, ಕಸುಬುದಾರರು. ಅವರಲ್ಲಿ ಹೆಚ್ಚಿನವರು ಖಾತೆ ಪುಸ್ತಕ ಬರೆಯುತ್ತಿರಲಿಲ್ಲ. ಬೆಳೆದ ಜೋಳದಲ್ಲಿ ಅರ್ಧ ಮನೆಯ ಹಗೇವಿಗೆ ಹೋಗುತ್ತಿತ್ತು, ಆಯಗಾರರಿಗೆ ಧಾನ್ಯದಲ್ಲೇ ಪಾಲು ಸಲ್ಲುತ್ತಿತ್ತು. ಆದಾಯ ತೆರಿಗೆ ಕಟ್ಟುವವರು ಬೆರಳೆಣಿಕೆಯಷ್ಟು. ಸರ್ಕಾರದ ಬಳಿ ಇದ್ದ ಬೆಳೆ ಇಳುವರಿಯ ಅಂಕಿಯೂ ಬಹುಮಟ್ಟಿಗೆ ಕಣ್ಣಂದಾಜಿನದು. ಹಳ್ಳಿಯ ಅಧಿಕಾರಿ ಹೊಲ ನೋಡಿ ಈ ವರ್ಷದ ಬೆಳೆ ಹದಿನಾರಾಣೆಯಲ್ಲಿ ಎಷ್ಟಾಣೆ ಎಂದು ಬರೆಯುತ್ತಿದ್ದ. ಆಣೆವಾರಿ ಎಂಬ ಆ ಮಾತು ನಮ್ಮ ಕಡೆಯ ಹಿರಿಯ ರೈತರ ಬಾಯಲ್ಲಿ ಇಂದಿಗೂ ಇದೆ.

1934ರಲ್ಲಿ ಬೌಲಿ ಮತ್ತು ರಾಬರ್ಟ್‌ಸನ್ ಎಂಬ ಇಬ್ಬರು ಇಂಗ್ಲಿಷ್ ತಜ್ಞರು ಭಾರತದಲ್ಲಿ ಆರ್ಥಿಕ ಗಣತಿ ನಡೆಸುವ ಯೋಜನೆಯೊಂದನ್ನು ಸರ್ಕಾರಕ್ಕೆ ಸಲ್ಲಿಸಿದರು. ಅಂಥ ದೊಡ್ಡ ಗಣತಿ ಆಗ ನಡೆಯಲಿಲ್ಲ. ರಾವ್ ಅವರು ಅದಕ್ಕಾಗಿ ಕಾಯದೆ, ಕೈಯಲ್ಲಿದ್ದ ಸಾಮಗ್ರಿಯಿಂದಲೇ ಲೆಕ್ಕ ಕಟ್ಟಲು ಕುಳಿತರು.

ಪ್ರಶ್ನೆಯನ್ನೇ ಎರಡು ಭಾಗ ಮಾಡಿದ ವಿಧಾನ

ರಾವ್ ಅವರ ವಿಧಾನ ಹೇಳುವಾಗ ಸರಳ, ಮಾಡುವಾಗ ಕಠಿಣ. ಇಡೀ ದೇಶದ ದುಡಿಮೆಯನ್ನು ಅವರು ಎರಡು ಗುಂಪು ಮಾಡಿದರು.

ಮೊದಲನೆಯ ಗುಂಪು ಬೇಸಾಯ, ಪಶುಪಾಲನೆ, ಅರಣ್ಯ, ಮೀನುಗಾರಿಕೆ, ಗಣಿ ಮೊದಲಾದವು. ಇಲ್ಲಿ ದುಡಿಯುವವನಿಗೆ ತನ್ನ ಆದಾಯ ಎಷ್ಟು ಎಂದು ಹೇಳಲು ಬಾರದು. ಆದರೆ ಹೊರಬಂದ ವಸ್ತುವನ್ನು ಎಣಿಸಬಹುದು: ಎಷ್ಟು ಎಕರೆ, ಎಷ್ಟು ಇಳುವರಿ, ಎಷ್ಟು ಹಾಲು, ಎಷ್ಟು ಕಲ್ಲಿದ್ದಲು. ಅದನ್ನು ಬೆಲೆಯಿಂದ ಗುಣಿಸಿ, ಅದರಲ್ಲಿ ಬೀಜ, ಗೊಬ್ಬರ, ಮೇವಿನಂಥ ಖರ್ಚನ್ನು ಕಳೆದರೆ ಆದಾಯ ಸಿಗುತ್ತದೆ. ಮಾರಿದ್ದಾಗಲಿ, ಮನೆಯಲ್ಲೇ ಉಂಡಿದ್ದಾಗಲಿ, ಎರಡೂ ಉತ್ಪಾದನೆಯೇ. ಇದನ್ನು ಉತ್ಪಾದನಾ ವಿಧಾನ ಎನ್ನುತ್ತಾರೆ.

ಎರಡನೆಯ ಗುಂಪು ಕೈಗಾರಿಕೆ, ವ್ಯಾಪಾರ, ಸಾರಿಗೆ, ಸರ್ಕಾರಿ ನೌಕರಿ, ವಕೀಲಿ, ವೈದ್ಯಕೀಯದಂಥ ವೃತ್ತಿಗಳು, ಸಂಬಳಕ್ಕೆ ಮಾಡುವ ಮನೆಗೆಲಸ ಇತ್ಯಾದಿ. ಶಿಕ್ಷಕನ ಪಾಠವನ್ನು ಕ್ವಿಂಟಲ್‌ನಲ್ಲಿ ತೂಗಲಾಗದು. ಆದರೆ ಆ ವೃತ್ತಿಯಲ್ಲಿ ಎಷ್ಟು ಜನ ಇದ್ದಾರೆಂದು ಜನಗಣತಿಯಿಂದ ತಿಳಿಯಬಹುದು, ಸರಾಸರಿ ಸಂಪಾದನೆ ಎಷ್ಟೆಂದು ವಿಚಾರಿಸಿ ತಿಳಿಯಬಹುದು. ಎರಡನ್ನೂ ಗುಣಿಸಿದರೆ ಆ ವೃತ್ತಿಯ ಆದಾಯ. ಇದು ಆದಾಯ ವಿಧಾನ. ರಾವ್ ಅವರು 1931–32ನ್ನು ಆರಿಸಿಕೊಂಡಿದ್ದಕ್ಕೂ ಇದರ ಸಂಬಂಧವಿದೆ. 1931ರ ಜನಗಣತಿಯಲ್ಲಿ ಜನರ ಕಸುಬುಗಳ ವಿವರ ಇತ್ತು.

ಎರಡು ವಿಧಾನಗಳನ್ನು ಬೆರೆಸುವಾಗ ಒಂದು ಅಪಾಯವಿದೆ. ಒಂದೇ ವಸ್ತು ಎರಡು ಸಲ ಲೆಕ್ಕಕ್ಕೆ ಬರಬಾರದು. ನಿಪ್ಪಾಣಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ರೈತ 100 ರೂಪಾಯಿ ಬೆಲೆಯ ತಂಬಾಕು ಬೆಳೆದ, ಅದರಿಂದ ಕಟ್ಟಿದ ಬೀಡಿ 160 ರೂಪಾಯಿಗೆ ಮಾರಿತು ಎಂದು ಭಾವಿಸಿ, ಬೇರೆ ಖರ್ಚುಗಳನ್ನು ಸದ್ಯ ಬಿಡೋಣ. ಎರಡನ್ನೂ ಕೂಡಿಸಿ 260 ಎಂದರೆ ತಪ್ಪು, ಏಕೆಂದರೆ ಬೀಡಿಯ 160ರ ಒಳಗೆ ತಂಬಾಕಿನ 100 ಆಗಲೇ ಸೇರಿದೆ. ಸರಿಯಾದ ಲೆಕ್ಕ 100 ಮತ್ತು ಬೀಡಿಯಿಂದ ಹೆಚ್ಚಾದ 60. ಅರ್ಥಶಾಸ್ತ್ರದಲ್ಲಿ ಇದಕ್ಕೆ ಮೌಲ್ಯವರ್ಧನೆ ಎನ್ನುತ್ತಾರೆ. ಕಬ್ಬು ಮತ್ತು ಬೆಲ್ಲ, ಚರ್ಮ ಮತ್ತು ಅಥಣಿಯ ಚಪ್ಪಲಿ, ದ್ರಾಕ್ಷಿ ಮತ್ತು ಒಣದ್ರಾಕ್ಷಿ ಹೀಗೆ ನಮ್ಮ ಐದೂ ತಾಲ್ಲೂಕುಗಳಲ್ಲಿ ಇದನ್ನು ಕಲಿಸಲು ಸಾಮಗ್ರಿ ಬೇಕಾದಷ್ಟಿದೆ.

ಉತ್ತರ: 62 ರೂಪಾಯಿ

ಬ್ರಿಟಿಷ್ ಭಾರತದ 1931–32ರ ಒಟ್ಟು ಆದಾಯ ಸುಮಾರು 1,689 ಕೋಟಿ ರೂಪಾಯಿ, ತಲಾ ಆದಾಯ ವರ್ಷಕ್ಕೆ 62 ರೂಪಾಯಿ ಎಂದು ರಾವ್ ಅವರು ಕಂಡುಕೊಂಡರು. ತಿಂಗಳಿಗೆ ಐದು ರೂಪಾಯಿಗಿಂತ ತುಸು ಹೆಚ್ಚು. 1925–29ರ ಅವಧಿಯ ಬಗ್ಗೆ ಅವರು ಬರೆದ ಪುಸ್ತಕ 1939ರಲ್ಲಿ, 1931–32ರ ಬಗೆಗಿನ ದೊಡ್ಡ ಗ್ರಂಥ 1940ರಲ್ಲಿ ಪ್ರಕಟವಾದವು.

ಈ 62ರ ಹಿಂದೆ ತರಗತಿಗೆ ಉಪಯೋಗವಾಗುವ ನಾಲ್ಕು ಸಂಗತಿಗಳಿವೆ.

ಒಂದು, ವ್ಯಾಪ್ತಿ. ಈ ಲೆಕ್ಕ ಬ್ರಿಟಿಷ್ ಭಾರತಕ್ಕೆ ಮಾತ್ರ, ಸಂಸ್ಥಾನಗಳು ಇದರಲ್ಲಿಲ್ಲ. ಆಗ ಚಿಕ್ಕೋಡಿ, ಅಥಣಿ ಮುಂಬಯಿ ಪ್ರಾಂತ್ಯದಲ್ಲಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಹೀಗಾಗಿ ಚಿಕ್ಕೋಡಿಯ ರೈತ ಆ 62ರ ಸರಾಸರಿಯಲ್ಲಿ ಇದ್ದಾನೆ, ಕೆಲವೇ ಮೈಲಿ ದೂರದ ರಾಯಬಾಗದ ರೈತ ಇಲ್ಲ. ಇದನ್ನು ಹೇಳಿದಾಗ ನಮ್ಮ ಶಾಲೆಯ ಮಕ್ಕಳಿಗೆ ಒಂದು ಕ್ಷಣ ಬೇಸರವೇ ಆಯಿತು. ಯಾವ ಸರಾಸರಿಯನ್ನು ನೋಡಿದರೂ ಅದರಲ್ಲಿ ಯಾರು ಸೇರಿದ್ದಾರೆ, ಯಾರು ಬಿಟ್ಟುಹೋಗಿದ್ದಾರೆ ಎಂದು ಮೊದಲು ಕೇಳಬೇಕೆಂದು ಅವರಿಗೆ ಮನವರಿಕೆಯಾಗಲು ಬೇರೆ ಉದಾಹರಣೆ ಬೇಕಾಗಲಿಲ್ಲ.

ಎರಡು, ಬೆಲೆ. 1925–29ರಲ್ಲಿ ತಲಾ ಆದಾಯ 75 ರೂಪಾಯಿ ದಾಟಿತ್ತು. ಅದು 62ಕ್ಕೆ ಇಳಿದದ್ದು ನೋಡಿ ಜನ ಅಷ್ಟೇ ಪ್ರಮಾಣದಲ್ಲಿ ಕಡಿಮೆ ಬೆಳೆದರು ಎನ್ನುವಂತಿಲ್ಲ. 1929ರಲ್ಲಿ ಆರಂಭವಾದ ಜಾಗತಿಕ ಆರ್ಥಿಕ ಕುಸಿತದಿಂದ ಕೃಷಿ ಉತ್ಪನ್ನಗಳ ಬೆಲೆ ಬಿದ್ದಿತ್ತು. ಅಷ್ಟೇ ಕಾಳು, ಕಡಿಮೆ ರೂಪಾಯಿ. ಎರಡು ವರ್ಷಗಳ ಆದಾಯವನ್ನು ಹೋಲಿಸುವ ಮೊದಲು ಬೆಲೆಯ ಏರಿಳಿತವನ್ನು ತೆಗೆದುಹಾಕಬೇಕು. ಇಂದು ಪತ್ರಿಕೆಗಳಲ್ಲಿ ಬರುವ ಪ್ರಚಲಿತ ಬೆಲೆ, ಸ್ಥಿರ ಬೆಲೆ ಎಂಬ ಮಾತುಗಳ ಅರ್ಥ ಇದೇ.

ಮೂರು, ಹಂಚಿಕೆ. ರಾವ್ ಅವರು ಹಳ್ಳಿ ಮತ್ತು ಪಟ್ಟಣಗಳ ಆದಾಯವನ್ನು ಬೇರೆ ಬೇರೆಯಾಗಿ ಅಂದಾಜು ಮಾಡಿದರು. ಪಟ್ಟಣದವನ ಸರಾಸರಿ ಹಳ್ಳಿಯವನದಕ್ಕಿಂತ ಸುಮಾರು ಮೂರು ಪಟ್ಟು ಬಂತು. ಒಂದೇ 62ರ ಒಳಗೆ ಎರಡು ಭಾರತಗಳು ಅಡಗಿದ್ದವು. ಮಕ್ಕಳಿಗೆ ಇದನ್ನು ಕಲ್ಪಿತ ಅಂಕಿಗಳಿಂದ ತೋರಿಸಿದೆ. ಐದು ಮನೆಗಳ ತಿಂಗಳ ಆದಾಯ ಸಾವಿರ ರೂಪಾಯಿಗಳಲ್ಲಿ 8, 9, 10, 11 ಮತ್ತು 62 ಇರಲಿ. ಮೊತ್ತ 100, ಸರಾಸರಿ 20. ಆದರೆ ಐದರಲ್ಲಿ ನಾಲ್ಕು ಮನೆಗಳು 20ರ ಅರ್ಧದ ಆಸುಪಾಸಿನಲ್ಲಿವೆ. ಮಧ್ಯಾಂಕ 10. ಆ ಊರಿನ ಸಾಮಾನ್ಯ ಮನೆಯನ್ನು ಯಾವುದು ಸರಿಯಾಗಿ ಹೇಳುತ್ತದೆ ಎಂದು ಕೇಳಿದಾಗ ತರಗತಿಯಲ್ಲಿ ಎದ್ದ ಕೈಗಳನ್ನು ನೋಡಿ ನನಗೆ ಮೊದಲ ಬಾರಿ ಸಮಾಧಾನವಾಯಿತು.

ನಾಲ್ಕು, ತಪ್ಪಿನ ಪ್ರಮಾಣ. ತಮ್ಮ ಅಂಕಿಗಳು ಎಷ್ಟರ ಮಟ್ಟಿಗೆ ನಂಬಲರ್ಹ, ಎಲ್ಲಿ ಎಷ್ಟು ಹೆಚ್ಚುಕಡಿಮೆ ಆಗಿರಬಹುದು ಎಂಬುದನ್ನು ರಾವ್ ಅವರು ಮುಚ್ಚಿಡಲಿಲ್ಲ. ವಿಜ್ಞಾನ ಓದಿದ ನಮಗೆ ಪ್ರಯೋಗಾಲಯದಲ್ಲಿ ಅಳತೆಯ ಜೊತೆ ದೋಷವನ್ನೂ ಬರೆಯುವ ರೂಢಿಯಿದೆ. ಸಮಾಜದ ಅಂಕಿಗಳಿಗೂ ಅದೇ ನಿಯಮ ಅನ್ವಯಿಸುತ್ತದೆ ಎಂಬುದು ನನಗೆ ಹೊಸ ಪಾಠ.

ಗುರುವಿನ ಸೂತ್ರವನ್ನೂ ಪರೀಕ್ಷಿಸಿದ ಶಿಷ್ಯ

ಕೇಂಬ್ರಿಜ್‌ನಿಂದ ಹಿಂತಿರುಗಿದ ಮೇಲೆ ರಾವ್ ಅವರು ಅಹಮದಾಬಾದಿನ ಕಾಲೇಜೊಂದರಲ್ಲಿ ಪ್ರಾಂಶುಪಾಲರಾಗಿದ್ದರು. 1942ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಪ್ರಾಧ್ಯಾಪಕರಾದರು. ಮರುವರ್ಷ ಬಂಗಾಳದಲ್ಲಿ ಭೀಕರ ಕ್ಷಾಮ. ಲಕ್ಷಾಂತರ ಜನ ಸತ್ತರು. ಪ್ರಾಂತ್ಯದಲ್ಲಿ ಅಕ್ಕಿ ನಿಜಕ್ಕೂ ಎಷ್ಟಿತ್ತು ಎಂಬುದಕ್ಕೇ ಭರವಸೆಯ ಲೆಕ್ಕವಿರಲಿಲ್ಲ. ಅಂಕಿಯ ಕೊರತೆ ಪುಸ್ತಕದ ವಿಷಯವಷ್ಟೇ ಅಲ್ಲ, ಜೀವದ ಪ್ರಶ್ನೆ ಎಂಬುದು ಆಗ ಎಲ್ಲರಿಗೂ ಕಂಡಿತು. ಯುದ್ಧಕಾಲದ ಕೊನೆಯ ವರ್ಷಗಳಲ್ಲಿ ರಾವ್ ಅವರು ಸರ್ಕಾರದ ಆಹಾರ ಇಲಾಖೆಯಲ್ಲಿ ಅಂಕಿಅಂಶಗಳ ಹೊಣೆ ಹೊತ್ತರು.

1952ರಲ್ಲಿ ಅವರು ಬರೆದ ಒಂದು ಪ್ರಬಂಧ ಅರ್ಥಶಾಸ್ತ್ರ ವಿದ್ಯಾರ್ಥಿಗಳಿಗೆ ಇಂದಿಗೂ ಪರಿಚಿತ. ಕೇನ್ಸ್ ಅವರ ಗುಣಕ ಎಂಬ ಸೂತ್ರದ ಪ್ರಕಾರ ಸರ್ಕಾರ ಒಂದು ರೂಪಾಯಿ ಹೆಚ್ಚು ಖರ್ಚು ಮಾಡಿದರೆ ದೇಶದ ಆದಾಯ ಒಂದು ರೂಪಾಯಿಗಿಂತ ಹೆಚ್ಚು ಬೆಳೆಯುತ್ತದೆ, ಏಕೆಂದರೆ ಆ ಹಣ ಕೈಯಿಂದ ಕೈಗೆ ಹೋಗಿ ಹೊಸ ಬೇಡಿಕೆ, ಹೊಸ ಉದ್ಯೋಗ ಸೃಷ್ಟಿಸುತ್ತದೆ. ಇಂಗ್ಲೆಂಡಿನಲ್ಲಿ ಆಗ ಕಾರ್ಖಾನೆಗಳೂ ಕಾರ್ಮಿಕರೂ ಕೆಲಸವಿಲ್ಲದೆ ಕಾಯುತ್ತಿದ್ದುದರಿಂದ ಸೂತ್ರ ಹೊಂದುತ್ತಿತ್ತು. ಭಾರತದಂಥ ದೇಶದಲ್ಲಿ ಹಾಗಾಗದು ಎಂದು ರಾವ್ ವಾದಿಸಿದರು. ಇಲ್ಲಿ ರೈತ ತನ್ನ ಹೊಲದಲ್ಲಿ ತಾನೇ ದುಡಿಯುತ್ತಾನೆ, ಬೆಳೆದದ್ದನ್ನು ಬಹುಪಾಲು ತಾನೇ ಉಣ್ಣುತ್ತಾನೆ, ಬೇಡಿಕೆ ಹೆಚ್ಚಿದ ಮಾತ್ರಕ್ಕೆ ನೀರು, ನೆಲ, ಯಂತ್ರ ಇಲ್ಲದೆ ಉತ್ಪಾದನೆ ತಕ್ಷಣ ಹೆಚ್ಚುವುದಿಲ್ಲ. ಆಗ ಆದಾಯದ ಬದಲು ಬೆಲೆಗಳೇ ಏರುತ್ತವೆ.

ಗುರುವಿನ ಮೇಲೆ ಗೌರವವಿದ್ದೂ ಅವರ ಸೂತ್ರ ಯಾವ ನೆಲದಲ್ಲಿ ಹುಟ್ಟಿತು, ನಮ್ಮ ನೆಲಕ್ಕೆ ಹೊಂದುತ್ತದೆಯೇ ಎಂದು ಅವರು ಪರೀಕ್ಷಿಸಿದರು. ಸೂತ್ರ ಬಾಯಿಪಾಠ ಮಾಡಿಸಿ ಲೆಕ್ಕ ಬಿಡಿಸುವ ನಮಗೆ ಇದು ನೆನಪಿರಬೇಕು. ಪ್ರತಿ ಸೂತ್ರಕ್ಕೂ ಕೆಲವು ನಿಬಂಧನೆಗಳಿರುತ್ತವೆ, ಅವನ್ನು ಬಿಟ್ಟು ಕಲಿಸಿದರೆ ಅರ್ಧ ಕಲಿಸಿದಂತೆ.

ಸ್ವತಂತ್ರ ಭಾರತದ ಲೆಕ್ಕ

1949ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಆದಾಯ ಸಮಿತಿಯನ್ನು ನೇಮಿಸಿತು. ಪಿ.ಸಿ. ಮಹಲನೋಬಿಸ್ ಅಧ್ಯಕ್ಷರು, ಪುಣೆಯ ಡಿ.ಆರ್. ಗಾಡ್ಗೀಳ್ ಮತ್ತು ವಿ.ಕೆ.ಆರ್.ವಿ. ರಾವ್ ಸದಸ್ಯರು. 1954ರ ಅಂತಿಮ ವರದಿಯಲ್ಲಿ 1948–49ರ ರಾಷ್ಟ್ರೀಯ ಆದಾಯ ಸುಮಾರು 8,650 ಕೋಟಿ ರೂಪಾಯಿ, ತಲಾ ಆದಾಯ ಸುಮಾರು 247 ರೂಪಾಯಿ ಎಂದು ಲೆಕ್ಕ ಬಂತು. ಉತ್ಪಾದನಾ ವಿಧಾನ, ಆದಾಯ ವಿಧಾನ ಎರಡನ್ನೂ ಬೆರೆಸುವ ದಾರಿಯನ್ನೇ ಸಮಿತಿಯೂ ಅನುಸರಿಸಿತು. ಹಿಂದೆ ಒಬ್ಬ ಸಂಶೋಧನಾ ವಿದ್ಯಾರ್ಥಿ ಮಾಡಿದ್ದ ಕೆಲಸ ಈಗ ಸರ್ಕಾರದ ಕಾಯಂ ಕೆಲಸವಾಯಿತು.

ಆ ಲೆಕ್ಕ ಮಾಡುವಾಗ ಎಲ್ಲೆಲ್ಲಿ ಮಾಹಿತಿಯಿಲ್ಲ ಎಂಬುದು ಎದ್ದು ಕಂಡಿತು. ಆ ಕೊರತೆ ತುಂಬಲು 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಅಕ್ಟೋಬರ್ 1950ರಿಂದ ಮಾರ್ಚ್ 1951ರವರೆಗೆ ನಡೆದ ಮೊದಲ ಸುತ್ತಿಗೆ ಇಡೀ ದೇಶದ ಲಕ್ಷಾಂತರ ಹಳ್ಳಿಗಳಿಂದ 1,833 ಹಳ್ಳಿಗಳನ್ನು ಮಾತ್ರ ಆರಿಸಲಾಗಿತ್ತು. ಅಷ್ಟರಿಂದ ದೇಶ ಹೇಗೆ ತಿಳಿಯುತ್ತದೆ ಎಂದು ಮಕ್ಕಳು ಕೇಳಿದರು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿ ನೋಡುತ್ತೇವೆ, ಆದರೆ ಅದಕ್ಕೆ ಮೊದಲು ಸೌಟು ಹಾಕಿ ತಿರುವಿರಬೇಕು ಎಂದು ಹೇಳಿದೆ. ಬಸ್ ನಿಲ್ದಾಣದ ಹತ್ತಿರದ ಮನೆಗಳನ್ನೇ ಕೇಳಿ ಊರಿನ ಲೆಕ್ಕ ಹೇಳಿದರೆ ಮೇಲಿನ ಅಗುಳನ್ನಷ್ಟೇ ನೋಡಿದಂತೆ. ಎಲ್ಲ ಮನೆಗಳ ಸಂಖ್ಯೆಯನ್ನೂ ಚೀಟಿಗಳಲ್ಲಿ ಬರೆದು, ಕಲಸಿ, ಎತ್ತಿದರೆ ಹೊಲದ ಮನೆಗೂ ಅಂಗಡಿಯವನ ಮನೆಗೂ ಸಮಾನ ಅವಕಾಶ. ಯಾದೃಚ್ಛಿಕ ಮಾದರಿ ಎಂಬ ಕಠಿಣ ಪದದ ಒಳಗೆ ಇರುವುದು ಇಷ್ಟೇ.

ಸಂಸ್ಥೆ ಕಟ್ಟಿದವರು, ಕರ್ನಾಟಕಕ್ಕೆ ಬಂದವರು

ಒಬ್ಬರೇ ಕುಳಿತು ಲೆಕ್ಕ ಮಾಡುವ ಕಷ್ಟವನ್ನು ಅನುಭವಿಸಿದ್ದ ರಾವ್ ಅವರು, ಲೆಕ್ಕ ಮಾಡಬಲ್ಲವರನ್ನು ತಯಾರು ಮಾಡುವ ಸಂಸ್ಥೆಗಳನ್ನು ಒಂದರ ಹಿಂದೊಂದು ಕಟ್ಟಿದರು. 1949ರಲ್ಲಿ ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್, 1958ರಲ್ಲಿ ಅದೇ ನಗರದಲ್ಲಿ ಆರ್ಥಿಕ ಬೆಳವಣಿಗೆಯ ಸಂಸ್ಥೆ. 1957ರಿಂದ 1960ರವರೆಗೆ ದೆಹಲಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿ, ಬಡ ದೇಶಗಳಿಗೆ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ಸಿಗಬೇಕೆಂದು ಅವರು ಪ್ರತಿಪಾದಿಸಿದರು. 1963ರಿಂದ 1966ರವರೆಗೆ ಯೋಜನಾ ಆಯೋಗದ ಸದಸ್ಯರಾಗಿದ್ದರು.

1967ರಲ್ಲಿ ಅವರು ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು, 1971ರಲ್ಲಿ ಮತ್ತೊಮ್ಮೆ ಗೆದ್ದರು. ಸಾರಿಗೆ ಮತ್ತು ನೌಕಾಯಾನ ಸಚಿವರಾಗಿ, ನಂತರ 1969ರಿಂದ 1971ರವರೆಗೆ ಶಿಕ್ಷಣ ಸಚಿವರಾಗಿ ಕೆಲಸ ಮಾಡಿದರು. ಗಾಂಧೀಜಿಯವರ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆ ಕೊಟ್ಟವರು ಅವರೇ. ಪದವಿಯ ದಿನಗಳಲ್ಲಿ ಎನ್.ಎಸ್.ಎಸ್. ಶಿಬಿರಕ್ಕೆ ಹೋಗಿ ಚರಂಡಿ ತೋಡಿ, ಗಿಡ ನೆಟ್ಟು ಬಂದ ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತಿತ್ತು? ನನಗಂತೂ ಗೊತ್ತಿರಲಿಲ್ಲ. ಮಾದರಿ ಸಮೀಕ್ಷೆಯ ಇಂಗ್ಲಿಷ್ ಹೆಸರನ್ನು ಚಿಕ್ಕದಾಗಿಸಿದರೂ ಎನ್.ಎಸ್.ಎಸ್. ಎಂದೇ ಆಗುತ್ತದೆ. ಒಂದು ಎನ್.ಎಸ್.ಎಸ್. ಹಳ್ಳಿಗೆ ಹೋಗಿ ಕೇಳುತ್ತದೆ, ಇನ್ನೊಂದು ಹಳ್ಳಿಗೆ ಹೋಗಿ ಕೈಗೂಡಿಸುತ್ತದೆ. ಎರಡರ ಜೊತೆಗೂ ಒಬ್ಬರೇ ವ್ಯಕ್ತಿಯ ಹೆಸರು ಸೇರಿರುವುದು ನನಗೆ ಬಹಳ ಹಿಡಿಸಿತು.

1972ರಲ್ಲಿ ಅವರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿ ಅದರ ಮೊದಲ ನಿರ್ದೇಶಕರಾದರು. ಐಸೆಕ್ ಎಂದು ಹೆಸರಾದ ಆ ಸಂಸ್ಥೆ ನಾಗರಭಾವಿಯಲ್ಲಿದೆ. ಕೃಷಿ, ಜನಸಂಖ್ಯೆ, ಶಿಕ್ಷಣ, ಆಡಳಿತ ಮುಂತಾದ ವಿಷಯಗಳಲ್ಲಿ ಕರ್ನಾಟಕದ ಹಳ್ಳಿಗಳ ಬಗ್ಗೆ ಅಲ್ಲಿ ಅಧ್ಯಯನಗಳು ನಡೆಯುತ್ತಿವೆ. ಅಲ್ಲಿನ ಗ್ರಂಥಾಲಯಕ್ಕೆ ರಾವ್ ಅವರ ಹೆಸರಿಡಲಾಗಿದೆ. 1974ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮವಿಭೂಷಣ ನೀಡಿ ಗೌರವಿಸಿತು. 1991ರ ಜುಲೈ 25ರಂದು, ತಮ್ಮ 83ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಮತ್ತೊಮ್ಮೆ ಅದೇ ತರಗತಿ

ರಾವ್ ಅವರ ಜೀವನ ಓದಿದ ಮೇಲೆ ಮಾರ್ಗದರ್ಶಕರ ಅನುಮತಿ ಪಡೆದು ಅದೇ ತರಗತಿಗೆ ಅದೇ ಪಾಠವನ್ನು ಮತ್ತೆ ಮಾಡಿದೆ. ಈ ಸಲ ಆದಾಯ ಎಂಬ ಪದವನ್ನೇ ಚೀಟಿಯಲ್ಲಿ ಬರೆಯಲಿಲ್ಲ. ಹೆಸರು ಬರೆಯಬಾರದು, ಚೀಟಿ ಮಡಚಿ ಡಬ್ಬಿಗೆ ಹಾಕಬೇಕು ಎಂದೆ. ವಸ್ತುಗಳನ್ನು ಕೇಳಿದೆ: ಕಳೆದ ಹಂಗಾಮಿನಲ್ಲಿ ಎಷ್ಟು ಟನ್ ಕಬ್ಬು ಹೋಯಿತು, ದಿನಕ್ಕೆ ಎಷ್ಟು ಲೀಟರ್ ಹಾಲು ಡೈರಿಗೆ, ಎಷ್ಟು ಮನೆಗೆ, ವಾರಕ್ಕೆ ಎಷ್ಟು ಸಾವಿರ ಬೀಡಿ, ಎಷ್ಟು ಜೋಡಿ ಚಪ್ಪಲಿ, ಎಷ್ಟು ದಿನ ಕೂಲಿ. ತಿಂಗಳ ಸಂಬಳ ಇರುವ ಮನೆಯವರು ಮಾತ್ರ ಸಂಬಳ ಬರೆಯಬೇಕು.

ಚೀಟಿಗಳು ತುಂಬಿ ಬಂದವು. ಆದಾಯ ಗೊತ್ತಿಲ್ಲದ ಮಗುವಿಗೆ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂಬುದು ಚೆನ್ನಾಗಿ ಗೊತ್ತು. ಬೆಲೆಗಳನ್ನು ತರಗತಿಯಲ್ಲೇ ಕೂಡಿ ನಿರ್ಧರಿಸಿದೆವು. ಮೇವು, ಗೊಬ್ಬರ, ಬೀಜದ ಖರ್ಚು ಎಷ್ಟು ಕಳೆಯಬೇಕೆಂಬುದರ ಮೇಲೆ ದೊಡ್ಡ ಚರ್ಚೆಯಾಯಿತು. ಎರಡು ಗುಂಪಿನವರಿಗೆ ಎರಡು ಉತ್ತರ ಬಂತು. ಎರಡನ್ನೂ ಹಲಗೆಯ ಮೇಲೆ ಬರೆದು, ನಿಜವಾದ ಉತ್ತರ ಬಹುಶಃ ಇವುಗಳ ನಡುವೆ ಎಲ್ಲೋ ಇದೆ ಎಂದು ಅಂತರವನ್ನೂ ಬರೆದೆವು. ಡಬ್ಬಿಯಲ್ಲಿದ್ದ ಒಂದು ಚೀಟಿಯಲ್ಲಿ ವಾರದ ಬೀಡಿಯ ಲೆಕ್ಕ ಸಾವಿರಗಳಲ್ಲಿ ಇತ್ತು. ಯಾರದೆಂದು ನಾನು ಕೇಳಲಿಲ್ಲ. ಆದರೆ ಅದನ್ನು ಸಾವಿರಕ್ಕೆ ಸಿಗುವ ಮಜೂರಿಯಿಂದ ಗುಣಿಸಿ ಹಲಗೆಯ ಮೇಲೆ ಬರೆದಾಗ, ನಿಪ್ಪಾಣಿಯ ಆ ಹುಡುಗಿ ತನ್ನ ವಹಿಯಲ್ಲಿ ಆ ಅಂಕಿಯನ್ನು ಬರೆದುಕೊಂಡು ಅಡಿಗೆರೆ ಎಳೆದದ್ದನ್ನು ನೋಡಿದೆ.

ಆ ತರಗತಿಯಲ್ಲಿ ಒಂದು ಪ್ರಶ್ನೆ ಉಳಿದುಹೋಯಿತು. ಬೀಡಿ ಕಟ್ಟುವುದು ಲೆಕ್ಕಕ್ಕೆ ಬಂತು, ಹಾಗಾದರೆ ಅವ್ವ ಮಾಡುವ ರೊಟ್ಟಿ, ತರುವ ನೀರು? ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಸಂಬಳ ಪಡೆಯುವ ಕೆಲಸದಾಕೆಯ ದುಡಿಮೆ ಸೇರುತ್ತದೆ, ಅದೇ ಕೆಲಸವನ್ನು ತನ್ನ ಮನೆಗೆ ಮಾಡುವ ತಾಯಿಯದು ಸೇರುವುದಿಲ್ಲ. ರಾವ್ ಅವರ ಕಾಲದಲ್ಲೂ ಹೀಗೆಯೇ, ಇಂದೂ ಹೀಗೆಯೇ. 2019ರಲ್ಲಿ ನಡೆದ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ರೂಪಾಯಿಯ ಬದಲು ನಿಮಿಷಗಳನ್ನು ಎಣಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ಅದಕ್ಕೆ ಕೊಡುತ್ತಾರೆ ಎಂದು ಅದರಿಂದ ತಿಳಿಯಿತು. ರೂಪಾಯಿಯಲ್ಲಿ ಅಳೆಯಲಾಗದಿದ್ದರೆ ಎಣಿಸಬಹುದಾದ ಬೇರೊಂದನ್ನು ಹುಡುಕುವ ಈ ದಾರಿ ರಾವ್ ಅವರು ತುಳಿದ ದಾರಿಯೇ ಎಂದು ನನಗೆ ಅನ್ನಿಸಿತು. ಮುಂದಿನ ವಾರ ತಮ್ಮ ತಮ್ಮ ಮನೆಯಲ್ಲಿ ಯಾರು ಎಷ್ಟು ಹೊತ್ತು ಏನು ಮಾಡುತ್ತಾರೆಂದು ಬರೆದು ತರಲು ಮಕ್ಕಳೇ ಒಪ್ಪಿಕೊಂಡಿದ್ದಾರೆ. ಅಷ್ಟರಲ್ಲಿ ನನ್ನ ಬೋಧನಾಭ್ಯಾಸದ ಅವಧಿ ಮುಗಿಯುತ್ತದೆ. ಆ ಶಾಲೆಯ ಗಣಿತ ಶಿಕ್ಷಕರು ಅದನ್ನು ಮುಂದುವರಿಸುವುದಾಗಿ ಹೇಳಿದ್ದಾರೆ.

ನಮ್ಮ ಕಾಲೇಜಿನ ಸಹಪಾಠಿಗಳಲ್ಲಿ ಒಂದು ವಿನಂತಿ. ಸಂಖ್ಯಾಶಾಸ್ತ್ರದ ಪಾಠ ನಿಮ್ಮ ಪಾಲಿಗೆ ಬಂದರೆ ಸೂತ್ರಕ್ಕೆ ಮೊದಲು ಒಂದು ಅವಧಿಯನ್ನು ಪ್ರಶ್ನೆ ತಯಾರಿಸಲು ಮೀಸಲಿಡಿ. ಏನನ್ನು ಕೇಳಬೇಕು, ಯಾರನ್ನು ಕೇಳಬೇಕು, ಯಾರು ಬಿಟ್ಟುಹೋಗುತ್ತಾರೆ, ಉತ್ತರ ಎಷ್ಟು ತಪ್ಪಿರಬಹುದು ಎಂಬುದನ್ನು ಮಕ್ಕಳೇ ಚರ್ಚಿಸಲಿ. ಜೊತೆಗೆ ಡಾ. ವಿ.ಕೆ.ಆರ್.ವಿ. ರಾವ್ ಅವರ ಬಗ್ಗೆ ಐದು ನಿಮಿಷ ಹೇಳಿ. ಚೀಟಿಗಳ ಮೇಲೆ ಮಾತ್ರ ಹೆಸರು ಬರೆಸಬೇಡಿ.